ಅಣ್ಣನ ಕಿವಿಗೆ ಒಗ್ಗಿದ್ದು ನನ್ನ ಕಿವಿಗೂ ಒಗ್ಗುತ್ತಾ?

ಅಣ್ಣನ ಕಿವಿಯಲ್ಲಿ ಕೇಳಿಸುವ ಮಷಿನ್ ಇದೆ ಅಂದರೆ ಯಾರೂ ನಂಬುವುದಿಲ್ಲ. ಅದು ಕಿವಿಯ ತೂತಿನ ಒಳಗೇ ಕೂರುವಂಥದ್ದು. ಹೊರಗೆ ಎಳೆದುಕೊಳ್ಳಲು ಒಂದು ಸಣ್ಣ ದಾರ ಇದೆ, ಅಷ್ಟೇ. ಹೆಲ್ಮೆಟ್ ಹಾಕಿಕೊಂಡು ತೀರ್ಥಹಳ್ಳಿ ಪೇಟೆಗೆ ಬರುತ್ತಾನೆ. ಫೋನನ್ನು ಎಲ್ಲರ ಹಾಗೆ ಕಿವಿಗೆ ಹಿಡಿದು ಮಂಡಿಯವರ ಹತ್ತಿರ ಅಡಿಕೆ ರೇಟು ಕೇಳುತ್ತಾನೆ. ತೋಟದಲ್ಲಿ ಗಾಳಿ ಬೀಸಿದರೂ ಮಷಿನ್ನಿನಲ್ಲಿ ಬುಸುಬುಸು ಸದ್ದು ಜಾಸ್ತಿ ಬರುವುದಿಲ್ಲ ಅನ್ನುತ್ತಾನೆ. ಮೈಕ್ ಒಳಗೆ ಕೂತಿರುವುದರಿಂದ ಕಿವಿಯ ಹಾಲೆಯೇ ಗಾಳಿಗೆ ಮರೆ. ಹಾಗಾಗಿ ನನಗೂ ಕಿವಿ ಮಂದವಾಗುತ್ತಿದೆ ಅಂತ ಅನಿಸಿದಾಗ, ಅಂಥದ್ದೇ ಬೇಕು ಅಂದುಕೊಂಡೇ ಶಿವಮೊಗ್ಗದ ಬಸ್ಸು ಹತ್ತಿದೆ.

ಕಾಣಬಾರದು ಅನ್ನುವ ಆಸೆ ಸಣ್ಣದು ಅಂತ ನನಗೆ ಈಗಲೂ ಅನಿಸುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಕನ್ನಡಕ ಹಾಕಿಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಕಿವಿಗೆ ಮಷಿನ್ ಹಾಕಿಕೊಂಡವರನ್ನು ಕಂಡರೆ ಮಾತ್ರ ಜನ ದನಿ ಏರಿಸುತ್ತಾರೆ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡುತ್ತಾರೆ, ಕೆಲವರು ಪಕ್ಕದಲ್ಲಿದ್ದವರನ್ನೇ ಕೇಳಿ ಮುಗಿಸುತ್ತಾರೆ. ಬೇರೆಯವರಿಗೆ ಅದು ಆಗಿದ್ದನ್ನು ನೋಡಿದ್ದೇನೆ. ಅದು ನೋಯಿಸುತ್ತದೆ.

ಆದರೆ ಮಷಿನ್ ಬೇಕಾಗಿದ್ದು ಹಿಂದಿನ ಬೆಂಚಿನ ಹುಡುಗಿಯರಿಗಾಗಿ. ಅವರ ದನಿ ಸಣ್ಣ, ಮೇಲೆ ಮಳೆಗಾಲದಲ್ಲಿ ಶೀಟಿನ ಮಾಡಿನ ಸದ್ದು. ಪ್ರಶ್ನೆ ಕೇಳಿದ ಹುಡುಗಿಗೆ ಮತ್ತೆ ಮತ್ತೆ ‘ಏನು? ಏನು?’ ಅಂದರೆ ಅವಳು ‘ಏನಿಲ್ಲ ಮಿಸ್’ ಅಂತ ಕೂತುಬಿಡುತ್ತಾಳೆ. ಆಮೇಲೆ ಆ ಮಗು ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ಇದು ನನಗೆ ತಡೆಯಲಾಗದ ಸಂಗತಿ.

ಮೊದಲು ಇಎನ್‌ಟಿ ಡಾಕ್ಟರು ನೋಡಿದರು. ಗುಗ್ಗೆ ಕಟ್ಟಿಲ್ಲ, ತಮಟೆಯಲ್ಲಿ ತೂತಿಲ್ಲ, ಒಳಗೆ ಸೋಂಕಿಲ್ಲ ಅಂತಾದ ಮೇಲೆ ಕಿವಿ ಪರೀಕ್ಷೆಗೆ ಬರೆದುಕೊಟ್ಟರು. ದುರ್ಗಿಗುಡಿ ಕಡೆಯ ಒಂದು ಸೆಂಟರಿನಲ್ಲಿ ಪರೀಕ್ಷೆ. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿ ಬಂದ ಹುಡುಗಿ. ನನ್ನನ್ನು ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಒಂದು ಬಟನ್ ಕೈಗೆ ಕೊಟ್ಟು, ಎಷ್ಟೇ ಸಣ್ಣದಾಗಿ ಕೇಳಿಸಿದರೂ ಒತ್ತಿ ಅಂದಳು. ಕಿವಿಯ ಹಿಂದಿನ ಮೂಳೆಗೆ ಕಂಪಿಸುವ ಒಂದು ಬಿಲ್ಲೆ ಇಟ್ಟೂ ನೋಡಿದಳು.

ಗ್ರಾಫ್ ಕೈಗೆ ಬಂದಾಗ ಅದನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಹರ್ಟ್ಜ್ ಅಂದರೆ ಸದ್ದು ಎಷ್ಟು ಕೀರಲು ಅನ್ನುವುದು, ಡೆಸಿಬಲ್ ಅಂದರೆ ಅದು ಕೇಳಿಸಲು ಎಷ್ಟು ಜೋರಾಗಿರಬೇಕು ಅನ್ನುವುದು. 250, 500 ಹರ್ಟ್ಜ್‌ನಲ್ಲಿ ಗೆರೆ 20 ಡೆಸಿಬಲ್ ಹತ್ತಿರ, ಅಂದರೆ ಸರಿಯಾಗಿಯೇ ಇದೆ. 2000ಕ್ಕೆ ಬರುವಾಗ 45. 4000 ಹರ್ಟ್ಜ್‌ನಲ್ಲಿ 60. ಘಾಟಿ ಇಳಿದ ಹಾಗೆ ಗೆರೆ ಕೆಳಗಿಳಿದಿತ್ತು. ಆ, ಈ, ಓ ಇಂಥ ಸ್ವರಗಳ ಬಲ ಇರುವುದು ಕೆಳಗಿನ ಹರ್ಟ್ಜ್‌ಗಳಲ್ಲಿ. ಸ, ಶ ಇಂಥವು ಮೇಲಿನವು, ಅವುಗಳಲ್ಲಿ ಶಕ್ತಿಯೂ ಕಡಿಮೆ. ಅದಕ್ಕೇ ಮಾತಾಡುವುದು ಕೇಳಿಸುತ್ತದೆ, ಆದರೆ ‘ಸಾಲು’ ಅಂದರೋ ‘ಹಾಲು’ ಅಂದರೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಇವರು ಜೀರುಂಡೆ ಕಾಟ ಅನ್ನುತ್ತಿದ್ದರೆ, ಈ ವರ್ಷ ಜೀರುಂಡೆಯೇ ಕಡಿಮೆ ಅಂತ ನಾನು ಅಂದುಕೊಂಡಿದ್ದೆ.

‘ಅಣ್ಣನಿಗೆ ಹಾಕಿದ್ದೀರಲ್ಲ, ಅಂಥದ್ದೇ ಕೊಡಮ್ಮ’ ಅಂದೆ. ಅವಳು ಬೇಡ ಅನ್ನಲಿಲ್ಲ. ‘ಹಾಕಿ ನೋಡೋಣ ಮೇಡಂ, ನೀವೇ ಹೇಳಿ’ ಅಂದಳು. ಅಣ್ಣನದು ಅಳತೆ ತೆಗೆದು ಮಾಡಿಸಿದ್ದು. ಕಿವಿಯೊಳಗೆ ದಾರ ಕಟ್ಟಿದ ಸ್ಪಂಜು ಇಟ್ಟು, ಮೆತ್ತನೆಯ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಹೊರಗೆ ತೆಗೆಯುತ್ತಾರೆ. ನನಗೆ ಅವತ್ತು ರಬ್ಬರ್ ಟೋಪಿ ಹಾಕಿ ಕೂರಿಸುವ ರೆಡಿಮೇಡ್ ಒಳ-ಮಷಿನ್ ಹಾಕಿದಳು. ಕನ್ನಡಿಯಲ್ಲಿ ನೋಡಿದೆ, ಏನೂ ಕಾಣಿಸಲಿಲ್ಲ. ಬಹಳ ಸಂತೋಷವಾಯಿತು.

‘ಈಗ ಈ ಅನ್ನಿ, ಊ ಅನ್ನಿ’ ಅಂದಳು. ‘ಈ’ ಅಂದೆ. ದನಿ ನನ್ನ ತಲೆಯೊಳಗೇ ಗುಂಯ್ ಅಂತ ತುಂಬಿಕೊಂಡಿತು. ‘ಊ’ ಅಂದಾಗ ಇನ್ನೂ ಜಾಸ್ತಿ. ಮೇಜಿನ ಮೇಲಿದ್ದ ಪೇಪರನ್ನು ಜೋರಾಗಿ ಓದಿದೆ. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ದನಿ ತಾನಾಗಿ ಕೆಳಗಿಳಿದಿತ್ತು. ನಾವು ಮಾತಾಡುವಾಗ ದವಡೆ, ತಲೆಬುರುಡೆಯ ಮೂಳೆಗಳ ಮೂಲಕವೂ ಸದ್ದು ಕಿವಿಯ ನಾಳಕ್ಕೆ ಬರುತ್ತದೆ. ನಾಳದ ಹೊರಬಾಯಿ ತೆರೆದಿದ್ದರೆ ಅದು ಹೊರಗೆ ಹೋಗುತ್ತದೆ. ಬಿರಟೆ ಹಾಕಿದರೆ ಹೋಗಲು ದಾರಿ ಇಲ್ಲದೆ ತಮಟೆಗೇ ಬಡಿಯುತ್ತದೆ. ಅಣ್ಣನಿಗೆ ಕೆಳಗಿನ ಹರ್ಟ್ಜ್‌ಗಳಲ್ಲೂ ಕಿವಿ ಮಂದ, ಅವನ ಗೆರೆ ಹೆಚ್ಚುಕಡಿಮೆ ಸಮತಟ್ಟು. ಹಾಗಾಗಿ ಆ ಗುಂಯ್ ಅವನಿಗೆ ಅಷ್ಟು ಕೇಳುವುದಿಲ್ಲ. ನನಗೆ ಅಲ್ಲಿ ಕಿವಿ ಚೆನ್ನಾಗಿರುವುದೇ ತೊಂದರೆ. ಮೇಲಾಗಿ ದಿನವಿಡೀ ಪಾಠ ಮಾಡುವವಳು ನಾನು, ಕೇಳುವುದಕ್ಕಿಂತ ಮಾತಾಡುವುದೇ ಹೆಚ್ಚು.

‘ಗಾಳಿ ಹೋಗಲಿಕ್ಕೆ ತೂತು ಇಡಬಹುದಲ್ವಾ?’ ಕೇಳಿದೆ. ಇಡುತ್ತಾರಂತೆ. ಆದರೆ ಅಷ್ಟು ಪುಟ್ಟ ಮಷಿನ್ನಿನಲ್ಲಿ ಮೈಕೂ ಸ್ಪೀಕರೂ ಅಕ್ಕಪಕ್ಕದಲ್ಲೇ ಇರುತ್ತವೆ. ತೂತು ದೊಡ್ಡದು ಮಾಡಿದರೆ ಒಳಗಿನ ಸದ್ದು ಹೊರಗೆ ಬಂದು ಮತ್ತೆ ಮೈಕಿಗೆ ಹೋಗಿ ಕುಂಯ್ ಅಂತ ಸೀಟಿ ಹೊಡೆಯುತ್ತದೆ. ಕಾರ್ಯಕ್ರಮಗಳಲ್ಲಿ ಮೈಕ್ ಸೆಟ್ ಕೂಗುತ್ತದಲ್ಲ, ಅದೇ ಕಾರಣ.

ತೇವದ ವಿಷಯವನ್ನೂ ಬಿಡಿಸಿ ಕೇಳಿದೆ. ನಮ್ಮ ಕಡೆ ಆಷಾಢದಲ್ಲಿ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೆ ಬೂಸಲು ಬರುತ್ತದೆ. ಕಿವಿಯೊಳಗೆ ಕೂರುವ ಮಷಿನ್ನಿಗೆ ಬೆವರೂ ಗುಗ್ಗೆಯೂ ನೇರವಾಗಿ ತಾಗುತ್ತವೆ. ಗುಗ್ಗೆ ತಡೆಯುವ ಚಿಕ್ಕ ಫಿಲ್ಟರ್ ಬದಲಿಸುತ್ತಿರಬೇಕು, ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಬೇಕು. ಡಬ್ಬಿ ಯಾವ ಮಷಿನ್ನಿಗೂ ಬೇಕು, ಮಲೆನಾಡಿನಲ್ಲಂತೂ ಬೇಕೇ ಬೇಕು. ಅಣ್ಣನ ಬ್ಯಾಟರಿ ಹಳದಿ ಸ್ಟಿಕ್ಕರಿನ 10ನೇ ನಂಬರಿನದು, 6 ಮಿಲಿಮೀಟರ್ ಅಗಲವೂ ಇಲ್ಲ. ವಾರದೊಳಗೆ ಮುಗಿಯುತ್ತದೆ. ಅತ್ತಿಗೆಯೇ ಹಾಕಿಕೊಡುತ್ತಾರೆ, ಅಡಿಕೆ ಸುಲಿದು ಒರಟಾದ ಅವನ ಬೆರಳಿಗೆ ಅದು ಸಿಗುವುದಿಲ್ಲ.

ಆಮೇಲೆ ಕಿವಿಯ ಹಿಂದೆ ಕೂರುವುದನ್ನು ಹಾಕಿದಳು. ಹಿಂದೆ ಪುಟ್ಟದೊಂದು ಭಾಗ, ಅಲ್ಲಿಂದ ತೆಳು ವಯರು, ತುದಿಯಲ್ಲಿ ತೂತುಗಳಿರುವ ಮೆತ್ತನೆಯ ರಬ್ಬರ್. ಇದರಲ್ಲಿ ಮೈಕ್ ಕಿವಿಯ ಹಿಂದೆ, ಸ್ಪೀಕರಿನಿಂದ ದೂರ, ಹಾಗಾಗಿ ತೂತಿದ್ದರೂ ಸೀಟಿ ಕಡಿಮೆ. ‘ಈ’ ಅಂದೆ. ನನ್ನ ದನಿ ನನ್ನ ದನಿಯ ಹಾಗೇ ಇತ್ತು. ಅದನ್ನು ಹಾಕಿಕೊಂಡೇ ನೆಹರೂ ರೋಡಿನವರೆಗೆ ಹೋಗಿ ಬಂದೆ. ಪ್ಲಾಸ್ಟಿಕ್ ಕವರಿನ ಪರಪರ ಇಷ್ಟು ಚೂಪು ಅಂತ ಮರೆತೇ ಹೋಗಿತ್ತು. ಸ್ಕೂಟರುಗಳ ಹಾರ್ನ್ ಕಿರಿಕಿರಿ ಮಾಡಿತು. ಸದ್ದು ಯಾವ ದಿಕ್ಕಿನಿಂದ ಬಂತು ಅನ್ನುವುದು ಒಳ-ಮಷಿನ್ನಿನಲ್ಲಿ ಹೆಚ್ಚು ಸಹಜವಾಗಿತ್ತು, ಅದನ್ನೂ ಹೇಳಬೇಕು. ಕಿವಿಯ ಹಿಂದಿನದರಲ್ಲಿ ಎರಡೆರಡು ಮೈಕ್ ಇರುವುದರಿಂದ ಗಲಾಟೆಯಲ್ಲಿ ಎದುರಿನವರ ಮಾತು ಹಿಡಿಯಲು ಅನುಕೂಲ. ಎಳನೀರಿನವನು ಚಿಲ್ಲರೆ ಇದೆಯಾ ಅಂತ ಕೇಳಿದ್ದು ಮೊದಲ ಸಲಕ್ಕೇ ತಿಳಿಯಿತು.

ದುಡ್ಡು ಕೊಡುವ ಮೊದಲು ಕೆಲವು ದಿನ ಶಾಲೆಯಲ್ಲಿ ಹಾಕಿ ನೋಡಬೇಕು ಅಂದೆ, ಒಪ್ಪಿದಳು. ಯಾರೇ ಕೊಳ್ಳುವುದಿದ್ದರೂ ಇದನ್ನು ಕೇಳಲೇಬೇಕು. ಅಂಗಡಿಯ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಮಾರನೇ ದಿನ ಒಂಬತ್ತನೇ ಕ್ಲಾಸಿನಲ್ಲಿ ಹುಡುಗನೊಬ್ಬ ‘ಮಿಸ್, ಅದು ಬ್ಲೂಟೂತಾ?’ ಅಂದ. ಕಿವಿ ಮಷಿನ್ ಅಂದೆ. ಗ್ರಾಫನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಗೆರೆ ಇಳಿದ ಜಾಗ ತೋರಿಸಿ, ‘ನೀವು ಮಾತಾಡುವುದರಲ್ಲಿ ಬಹಳಷ್ಟು ಇಲ್ಲಿ ಕಳೆದುಹೋಗುತ್ತಿತ್ತು’ ಅಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ‘ಮಿಸ್, ನಮ್ಮಜ್ಜಿಗೂ ಇದು ಆಗುತ್ತಾ?’

ಒಂದೇ ಸಲಕ್ಕೆ ಕೇಳಿಸಿತು. ‘ಅಜ್ಜಿ ಕಿವಿ ಸೋರುತ್ತದಾ? ನೋವಿದೆಯಾ? ಮನೆಯಲ್ಲಿ ಕೇಳಿಕೊಂಡು ಬಾ. ಇದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು’ ಅಂದೆ. ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಳು.