ಲಿಸ್ಟಲ್ಲಿ ಕಾಣದೇ ಹೋದ ಪೇಶೆಂಟ್‌ಗಳು

ಹೋದ ತಿಂಗಳು ಒಂದು ಆಸ್ಪತ್ರೆ ಡೇಟಾದಲ್ಲಿ ಕಿಡ್ನಿ ಕಾಯಿಲೆ ಇರೋರನ್ನೆಲ್ಲ ತೆಗೆದುಕೊಡಿ ಅಂದ್ರು. ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಬರೆದೆ, ಓಡ್ತು, ಎರರ್ ಏನೂ ಇಲ್ಲ, ಲಿಸ್ಟೂ ಬಂತು. ಕಿಡ್ನಿ ಡಾಕ್ಟರ್ ಮೇಡಂ ಒಂದ್ಸಲ ಕಣ್ಣಾಡಿಸಿದವರೇ "ಶುಗರ್‌ನಿಂದ ಕಿಡ್ನಿ ಹಾಳಾದೋರು ಎಲ್ರೀ? ನನ್ನ ಓಪಿಡಿಲಿ ಅವರೇ ಜಾಸ್ತಿ" ಅಂದ್ರು.

ಹುಡುಕಿದಾಗ ಗೊತ್ತಾಯ್ತು. ನಾವು ಬಳಸೋದು ಸ್ನೋಮೆಡ್ ಸಿಟಿ, ಅಂದ್ರೆ ಕಾಯಿಲೆ, ಚಿಕಿತ್ಸೆ ಥರದ ವೈದ್ಯಕೀಯ ವಿಷಯಗಳಿಗೆಲ್ಲ ಒಂದೊಂದು ಕೋಡ್ ಕೊಟ್ಟಿರೋ ವ್ಯವಸ್ಥೆ. ಅಂಥ ಒಂದೊಂದು ವಿಷಯಕ್ಕೆ ಕಾನ್ಸೆಪ್ಟ್ ಅಂತಾರೆ, ಮೂರೂವರೆ ಲಕ್ಷಕ್ಕೂ ಹೆಚ್ಚು ಕಾನ್ಸೆಪ್ಟ್ ಇರೋ ದೊಡ್ಡ ಮರ ಇದು, ಭಾರತ 2014ರಿಂದ ಅದರ ಸದಸ್ಯ ದೇಶ. ಅದರಲ್ಲಿ ವಿಶಾಲ ಅರ್ಥದ್ದು ಪೇರೆಂಟ್, ಅದರ ಕೆಳಗೆ ಗೆರೆ ಎಳೆದು ಜೋಡಿಸಿರೋ ನಿರ್ದಿಷ್ಟ ಅರ್ಥದ್ದು ಮಗು, ಒಂದು ಮಗುವಿಗೆ ಎಷ್ಟು ಪೇರೆಂಟ್ ಬೇಕಾದ್ರೂ ಇರಬಹುದು. ಆ ಆಸ್ಪತ್ರೆಲಿ ಲೋಕಲ್ಲಾಗಿ ಸೇರಿಸಿದ್ದ "ಡಯಾಬಿಟಿಕ್ ನೆಫ್ರೋಪತಿ" (ಶುಗರ್‌ನಿಂದ ಬರೋ ಕಿಡ್ನಿ ಕಾಯಿಲೆ) ಕೋಡನ್ನ ಡಯಾಬಿಟಿಸ್ ಕಾಂಪ್ಲಿಕೇಷನ್ ಕೆಳಗೆ ಹಾಕಿದ್ರು, ಕಿಡ್ನಿ ಕಾಯಿಲೆ ಕೆಳಗೂ ಹಾಕ್ಬೇಕಿತ್ತು, ಹಾಕಿರ್ಲಿಲ್ಲ. ಅಷ್ಟೇ. ನನ್ನ ಕ್ವೆರಿ ಹುಡುಕಿದ್ದು ಕಿಡ್ನಿ ಕಾಯಿಲೆ ಕೆಳಗಿರೋದನ್ನಷ್ಟೇ, ಆ ಒಂದು ಗೆರೆ ಇಲ್ಲ ಅಂತ ಆ ಕೋಡಿನ ಪೇಶೆಂಟ್‌ಗಳೆಲ್ಲ ಲಿಸ್ಟಿಂದ ಸದ್ದಿಲ್ಲದೆ ಹೊರಗುಳಿದ್ರು. ತಪ್ಪಾಗಿ ಹಾಕಿದ ಗೆರೆ ಆದ್ರೆ ಒಂದಲ್ಲ ಒಂದಿನ ಕಣ್ಣಿಗೆ ಬೀಳುತ್ತೆ, ಹಾಕದೇ ಇರೋ ಗೆರೆ ಯಾರ ಕಣ್ಣಿಗೆ ಬೀಳಬೇಕು ಹೇಳಿ? ನನಗೆ ನಿಜಕ್ಕೂ ನಿದ್ದೆ ಬರ್ಲಿಲ್ಲ ಅವತ್ತು.

ಕಂಪ್ಯೂಟರೇ ಕಂಡುಹಿಡಿಯಲ್ವಾ ಅಂತ ಕೇಳ್ತಾರೆ. ಹಿಡಿಯುತ್ತೆ, ಆದ್ರೆ ನಾವು ಕೊಟ್ಟ ಡೆಫಿನಿಷನ್ ಪೂರ್ತಿ ಇದ್ದಾಗ ಮಾತ್ರ. ಕಾಯಿಲೆ ಇರೋ ಜಾಗ ಕಿಡ್ನಿ ಅಂತ ಬರೆದಿದ್ರೆ ಕ್ಲಾಸಿಫೈಯರ್ (ಡೆಫಿನಿಷನ್ ನೋಡಿ ಗೆರೆ ಹಾಕೋ ಪ್ರೋಗ್ರಾಂ) ತಾನೇ ಆ ಗೆರೆ ಎಳೀತಿತ್ತು, ಜಾಗದ ಕಾಲಂ ಖಾಲಿ ಬಿಟ್ರೆ ಅದಕ್ಕೆ ಏನ್ ಗೊತ್ತಾಗುತ್ತೆ.

ಹಂಗಾಗಿ ಹೆಸರುಗಳಿಂದ್ಲೇ ಸುಳಿವು ಹಿಡಿದು ಹೊರಟೆ. ಒಂದರ ಹೆಸರಲ್ಲಿರೋ ಪದಗಳೆಲ್ಲ ಇನ್ನೊಂದರಲ್ಲೂ ಇದ್ದು, ಜೊತೆಗೆ ಒಂದೆರಡು ಹೆಚ್ಚಿಗೆ ಇದ್ರೆ, ಆ ಉದ್ದದ್ದು ಮಗು ಇರಬಹುದು: "ಕಿಡ್ನಿ ಡಿಸೀಸ್", "ಕ್ರಾನಿಕ್ ಕಿಡ್ನಿ ಡಿಸೀಸ್" ಥರ. ಆದ್ರೆ "ಫ್ಯಾಮಿಲಿ ಹಿಸ್ಟರಿ ಆಫ್ ಕಿಡ್ನಿ ಡಿಸೀಸ್" ಕೂಡ ಇದೇ ಜಾಲದಲ್ಲಿ ಬೀಳುತ್ತೆ, ಅಪ್ಪನಿಗೆ ಕಾಯಿಲೆ ಇತ್ತು ಅಂದ ಮಾತ್ರಕ್ಕೆ ಮಗನಿಗೆ ಇದೆ ಅಂತಲ್ವಲ್ಲ, ಸ್ನೋಮೆಡ್‌ನಲ್ಲಿ ಅದರ ಕೊಂಬೆನೇ ಬೇರೆ. ಇನ್ನು "ನೆಫ್ರೋಪತಿ"ಲಿ ಕಿಡ್ನಿ ಅನ್ನೋ ಪದನೇ ಇಲ್ಲ, ಅದಕ್ಕೆ ಸಮಾನಾರ್ಥಕ ಹೆಸರುಗಳನ್ನೂ, ಮೇಲಿನ ಪೇರೆಂಟ್‌ಗಳ ಹೆಸರಲ್ಲಿರೋ ಪದಗಳನ್ನೂ ಸೇರಿಸಿಕೊಂಡು ಮತ್ತೆ ಹೋಲಿಸಬೇಕಾಯ್ತು.

ಮರದ ಆಕಾರ ನೋಡೋ ದಾರಿನೂ ಇದೆ. ಎರಡು ಕಾನ್ಸೆಪ್ಟ್‌ಗಳ ಕೆಳಗೂ ಅವೇ ಎರಡು ಮಕ್ಕಳಿದ್ದು, ಆ ಮಕ್ಕಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ರೆ, ನಡುವೆ ಏನೋ ಬಿಟ್ಟುಹೋಗಿರಬಹುದು ಅಂತ ಅನುಮಾನ ಪಡಬೇಕು.

ಇದೆಲ್ಲ ಅನುಮಾನಾನೇ, ತೀರ್ಪು ಕೊಡೋದು ಡಾಕ್ಟ್ರೇ. ಮೇಡಂ ಓಪಿಡಿ ಮುಗಿಸಿ, ಟೀ ಆರೋವರೆಗೂ ಒಂದೊಂದೇ ಜೋಡಿ ಓದಿ, ಪ್ರಿಂಟಲ್ಲಿ ಕೆಂಪು ಪೆನ್ನಲ್ಲಿ ಸರಿ, ಅಲ್ಲ ಅಂತ ಗುರುತು ಹಾಕಿಕೊಟ್ರು. ಸರಿ ಅಂದಿದ್ದನ್ನೆಲ್ಲ ಸೇರಿಸಿ ಮತ್ತೆ ಓಡಿಸಿದೆ, ಶುಗರ್ ಪೇಶೆಂಟ್‌ಗಳು ಬಂದ್ರು. ಡಯಾಲಿಸಿಸ್ ಕೋಡುಗಳು ಇನ್ನೂ ಬಾಕಿ ಇವೆ, ಶನಿವಾರ ಬನ್ನಿ ಅಂದಿದ್ದಾರೆ.