ಮಂಡಕ್ಕಿ ದ್ರವಾನಾ?

ದಾವಣಗೆರೆ
17 ಮಾರ್ಚ್ 2024, ಭಾನುವಾರ

ನಾಳೆ ಮಗಳಿಗೆ ವಿಜ್ಞಾನ ಪರೀಕ್ಷೆ. ಘನಕ್ಕೆ ತನ್ನದೇ ಆಕಾರ ಇದೆ, ದ್ರವ ಪಾತ್ರೆಯ ಆಕಾರ ಪಡೆಯುತ್ತದೆ, ಅನಿಲ ಇದ್ದಬದ್ದ ಜಾಗವನ್ನೆಲ್ಲ ತುಂಬುತ್ತದೆ ಅಂತ ಬೆಳಿಗ್ಗೆಯಿಂದ ಒಂದೇ ಗಿಳಿಪಾಠ. ಸಂಜೆ ಮಿರ್ಚಿ ಜೊತೆಗೆ ಬೇಕಲ್ಲ ಅಂತ ಮಂಡಕ್ಕಿಯನ್ನು ಚೀಲದಿಂದ ಡಬ್ಬಕ್ಕೆ ಸುರಿಯುತ್ತಿದ್ದೆ. ಅವಳ ಪಾಠ ಅಲ್ಲಿಗೇ ನಿಂತಿತು.

"ಅಪ್ಪಾ, ಮಂಡಕ್ಕಿನೂ ಡಬ್ಬದ ಆಕಾರ ತಗೊಳ್ತಲ್ಲ. ಹಂಗಾದ್ರೆ ಅದು ದ್ರವಾನಾ?"

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಒಂದು ಬೊಗಸೆ ಮಂಡಕ್ಕಿ ತಟ್ಟೆಗೆ ಹಾಕಿದೆ. ಗುಡ್ಡೆ ಆಯಿತು. ಇನ್ನೊಂದು ತಟ್ಟೆಗೆ ನೀರು ಹುಯ್ದೆ. ಮಟ್ಟಸವಾಗಿ ಹರಡಿಕೊಂಡಿತು. ನೀರನ್ನು ಗುಡ್ಡೆ ಹಾಕೋಕೆ ಆಗಲ್ಲ ಅಲ್ವಾ? ಮಂಡಕ್ಕಿಯಲ್ಲಿ ಒಂದೊಂದು ಕಾಳೂ ತನ್ನ ಆಕಾರ ಬಿಟ್ಟಿಲ್ಲ, ಜಾರಿ ಜಾರಿ ಜಾಗ ಮಾಡಿಕೊಂಡಿದೆ ಅಷ್ಟೇ. ಸಂದಿಯಲ್ಲೆಲ್ಲ ಗಾಳಿ.

ಗಾಳಿ ಅಂದಿದ್ದೇ ತಪ್ಪಾಯಿತು, ಅದನ್ನೂ ತೋರಿಸು ಅಂದಳು. ಔಷಧಿ ಹಾಕುವ ಸೂಜಿ ಇಲ್ಲದ ಸಿರಿಂಜ್ ಇತ್ತು. ತುದಿಗೆ ಬೆರಳು ಒತ್ತಿಕೊಂಡು ತಳ್ಳಿದಳು. ಒಳಗಿನ ಗಾಳಿ ಅರ್ಧದಷ್ಟಕ್ಕೆ ಕುಗ್ಗಿತು, ಕೈ ಬಿಟ್ಟರೆ ವಾಪಸ್. ನೀರು ತುಂಬಿ ತಳ್ಳಿದರೆ ಕದಲಲೇ ಇಲ್ಲ. ನೀರಿನ ಕಣಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ, ಗಾಳಿಯವು ದೂರ ದೂರ. ಅವಳು ಹಲ್ಲು ಕಚ್ಚಿ ಇನ್ನಷ್ಟು ತಳ್ಳಿದಳು. ಬೆರಳು ಜಾರಿ ನೋಟ್‌ಬುಕ್ಕಿಗೆ ಅಭಿಷೇಕ.

ಅಪ್ಪಾಜಿ ಮೂಲೆಯಲ್ಲಿ ಕೂತು ನಗುತ್ತಿದ್ದರು. ಹಿಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. "ನೋಡವ್ವಾ, ಅಕ್ಕಿ ಒಳಗೆ ಪಸೆ ಇರಬೇಕು. ಪೂರಾ ಒಣಗಿದ್ರೆ ಅರಳಲ್ಲ, ಹಸಿ ಜಾಸ್ತಿ ಆದ್ರೂ ಅರಳಲ್ಲ" ಅಂದರು. ನನಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ. ಕಾದ ಮರಳಿಗೆ ಬಿದ್ದ ಅಕ್ಕಿಯ ಪಸೆ ಗಳಿಗೆಯಲ್ಲಿ ಆವಿಯಾಗುತ್ತದೆ. ಬಯಲಲ್ಲಿ ಕುದಿಯುವ ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಅಕ್ಕಿಕಾಳಿನೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಆವಿ ಒಳಗಿಂದ ನೂಕುತ್ತದೆ, ಬಿಸಿಗೆ ಮೆತ್ತಗಾದ ಕಾಳು ಉಬ್ಬುತ್ತದೆ, ಆರಿದ ಮೇಲೆ ಉಬ್ಬಿದ ಹಾಗೇ ಗಟ್ಟಿಯಾಗುತ್ತದೆ.

"ಮತ್ತೆ ಬೆಣ್ಣೆ?" ಈ ಬಿಸಿಲಿಗೆ ಕಟ್ಟೆ ಮೇಲಿನ ಬೆಣ್ಣೆ ಅತ್ತ ಗಟ್ಟಿಯೂ ಅಲ್ಲ, ಇತ್ತ ನೀರೂ ಅಲ್ಲ. ಮಂಜುಗಡ್ಡೆಗಾದರೆ ಕರಗೋಕೆ 0 ಡಿಗ್ರಿ ಅಂತ ಲೆಕ್ಕ ಇದೆ. ಬೆಣ್ಣೆಯಲ್ಲಿ ನಾನಾ ಬಗೆಯ ಕೊಬ್ಬು. ಒಂದೊಂದು ಒಂದೊಂದು ಬಿಸಿಗೆ ಕರಗುತ್ತಾ, 35ರ ಆಸುಪಾಸಿಗೆ ಪೂರ್ತಿ ಎಣ್ಣೆ. ಅದನ್ನು ಪರೀಕ್ಷೆಯಲ್ಲಿ ಕೇಳಲ್ಲ ಬಿಡು ಅಂದೆ.

ಅಷ್ಟರಲ್ಲಿ ತಟ್ಟೆಯ ಗುಡ್ಡೆ ಖಾಲಿ. ಈಗ ಅಜ್ಜ ಮೊಮ್ಮಗಳು ಇಬ್ಬರೂ ಮಲಗಿದ್ದಾರೆ. ನೋಟ್‌ಬುಕ್ ಇನ್ನೂ ಫ್ಯಾನಿನ ಕೆಳಗೆ ಒಣಗುತ್ತಿದೆ.