"ಕಾಡಿಗೆ ಬಿಟ್ಟುಬಿಡಬಹುದಲ್ವಾ?"

ಫ್ಲೋರಿಡಾದಲ್ಲಿ ಜನ ಆಸೆಯಿಂದ ತಂದು, ಆಮೇಲೆ ನೋಡಿಕೊಳ್ಳಲಾಗದ ದೊಡ್ಡ ಹಾವುಗಳಿಗೆ ಹೊಸ ಮನೆ ಹುಡುಕಿಕೊಡುತ್ತೇನೆ. ಹೀಗೆಂದರೆ ಸಾಕು, ಊರಿನ ನೆಂಟರಿಂದ ಹಿಡಿದು ಇಲ್ಲಿನ ಕನ್ನಡ ಕೂಟದವರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಅಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಕಾಡಿಗೆ ಬಿಟ್ಟುಬಿಡಬಹುದಲ್ವಾ?"

ಬಿಡಬಾರದು. ಇಲ್ಲಿ ಅದು ಅಪರಾಧ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಊರಲ್ಲಿ ಹಿತ್ತಲಿಗೆ ಬಂದ ಹಾವನ್ನು ಹಿಡಿದು ಕಾಡಿಗೆ ಬಿಡುವುದನ್ನು ನೋಡಿ ಬೆಳೆದವರು ನಾವು. ಆ ಹಾವು ಆ ನೆಲದ್ದೇ. ಬರ್ಮೀಸ್ ಹೆಬ್ಬಾವು ಏಷ್ಯಾದ್ದು. ತಪ್ಪಿಸಿಕೊಂಡವು, ಬೇಕೆಂದೇ ಬಿಟ್ಟವು ಎಲ್ಲ ಸೇರಿ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿದವು. ರಾತ್ರಿ ಹೊತ್ತು ಅಲ್ಲಿನ ರಸ್ತೆಗಳಲ್ಲಿ ಕಾಣುತ್ತಿದ್ದ, ಹೆಬ್ಬಾವುಗಳು ತಿನ್ನುವ ರಕೂನ್ ಎಂಬ ಸಣ್ಣ ಪ್ರಾಣಿಗಳು ಶೇ 99ರಷ್ಟು ಕಡಿಮೆಯಾಗಿವೆ ಎಂದು 2012ರಲ್ಲೇ ಅಧ್ಯಯನವೊಂದು ಹೇಳಿತು. ಆಮೇಲೆ ಸಿಕ್ಕ ಒಂದು ಹೆಣ್ಣು ಹೆಬ್ಬಾವು ಸುಮಾರು 98 ಕಿಲೋ ತೂಗುತ್ತಿತ್ತು, ಹೊಟ್ಟೆಯಲ್ಲಿ 122 ಮೊಟ್ಟೆ ಬೆಳೆಯುತ್ತಿದ್ದವು. 2010ರಿಂದಲೇ ಆ ಜಾತಿಯನ್ನು ಇಲ್ಲಿ ಹೊಸದಾಗಿ ಮನೆಯಲ್ಲಿ ಸಾಕುವಂತಿಲ್ಲ. ನನ್ನ ಹತ್ತಿರ ಜಾಸ್ತಿ ಬರುವುದು ಬೋವಾ ಎಂಬ ಇನ್ನೊಂದು ವಿದೇಶಿ ದೊಡ್ಡ ಹಾವು. ಅದೂ ಮಯಾಮಿಯ ಡೀರಿಂಗ್ ಎಸ್ಟೇಟ್ ಸುತ್ತ ಆಗಲೇ ನೆಲೆಯೂರಿದೆ.

"ಹಾವಿಗೇನು, ಎಲ್ಲಿ ಬಿಟ್ಟರೂ ಬದುಕುತ್ತೆ" ಅನ್ನುತ್ತಾರೆ. ಮೈ ಉರಿಯುತ್ತೆ. ಕೆಲವು ಬದುಕುತ್ತವೆ, ತೊಂದರೆಯೇ ಅದು. ಫ್ರಿಜ್ಜಿನಿಂದ ತೆಗೆದ ಇಲಿ ತಿಂದು ಬೆಳೆದ ಉಳಿದವು ಚಳಿಗೋ ಕಾರಿನ ಚಕ್ರಕ್ಕೋ ಸಿಕ್ಕಿ ಸಾಯುತ್ತವೆ.

"ಸಾಕೋಕೆ ಆಗದವರು ಯಾಕೆ ತಂದ್ರು?" ಇದು ಎರಡನೇ ಪ್ರಶ್ನೆ. ಬೋವಾ 25–30 ವರ್ಷ ಬದುಕಬಲ್ಲದು. ಅಷ್ಟರಲ್ಲಿ ಕೆಲಸ ಹೋಗುತ್ತೆ, ಮನೆ ಬದಲಾಗುತ್ತೆ, ಸೊಂಟ ಹಿಡಿಯುತ್ತೆ. ಬೈದು ಕಳಿಸಿದರೆ ಅವರು ರಾತ್ರೋರಾತ್ರಿ ಹಾವನ್ನು ರಸ್ತೆ ಬದಿ ಬಿಟ್ಟು ಹೋಗುತ್ತಾರೆ. ನಾಚಿಕೆಯಿಂದ ಆಗುವ ಅನಾಹುತ ಇದು. ರಾಜ್ಯದ ವನ್ಯಜೀವಿ ಆಯೋಗ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆ. ಸಾಕಲಾಗದ ವಿದೇಶಿ ಪ್ರಾಣಿಯನ್ನು ಅವರಿಗೆ ಒಪ್ಪಿಸಬಹುದು. ದಂಡವಿಲ್ಲ, ಶುಲ್ಕವಿಲ್ಲ. ಮೊದಲೇ ವಿಚಾರಿಸಿ ಒಪ್ಪಿದವರಿಗೆ ಅದನ್ನು ಕೊಡುತ್ತಾರೆ.

"ಯಾರಿಗೆ ಕೊಡ್ತೀರಿ? ಅವರನ್ನು ಹೇಗೆ ನಂಬ್ತೀರಿ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಕೂತು ಕಾಫಿ ಕುಡಿಯುತ್ತಾ ಹೇಳುತ್ತೇನೆ.

ಎಂಟಡಿ ಬೋವಾ ಒಂದಕ್ಕೆ ಇಬ್ಬರು ಬಂದಿದ್ದರು. ಮೊದಲು ಬಂದ ಹುಡುಗ ಗಾಜಿನ ಪೆಟ್ಟಿಗೆಯ ಫೋಟೋ ತೋರಿಸಿದ. ಬೀಗ ಎಲ್ಲಪ್ಪಾ ಅಂದೆ. "ಮುಚ್ಚಳದ ಮೇಲೆ ದಪ್ಪ ಪುಸ್ತಕ ಇಡ್ತೀನಿ" ಅಂದ. ಆ ಹಾವು ಬರೀ ಮೈಯೊತ್ತಿ ಮುಚ್ಚಳ ಎತ್ತುವ ಜಾತಿ. ಎಷ್ಟು ಒಳ್ಳೆಯ ಪುಸ್ತಕವಾದರೂ ಸಾಲದು ಅಂತ ಹೇಳಿ ಕಳಿಸಿದೆ. ಬೇಜಾರು ಮಾಡಿಕೊಂಡ. ಮಾಡಿಕೊಳ್ಳಲಿ.

ಎರಡನೆಯವರು ನೋಟ್‌ಬುಕ್ ಹಿಡಿದು ಬಂದ ಹೆಂಗಸು. ಕೊನೇ ಸಲ ಯಾವಾಗ ತಿಂತು? ಪೊರೆ ಪೂರ್ತಿ ಬಿಡ್ತಾ, ತುಂಡು ತುಂಡಾಗಾ? ಉಗುಳಿದ್ದು ಉಂಟಾ? ಆಮೇಲೆ ಒದ್ದೆ ಮಾಡಿದ ಬಿಳಿ ಟಿಶ್ಯೂ ತೆಗೆದು ಹಾವಿನ ಗದ್ದದ ಕೆಳಗೆ ನಿಧಾನ ಸವರಿ, ಬೆಳಕಿಗೆ ಹಿಡಿದು ನೋಡಿದರು. ಮೈಗೆ ಉಣ್ಣೆ ಹುಳ ಹತ್ತಿದ್ದರೆ ಅದರಲ್ಲಿ ಮೆಣಸಿನ ಪುಡಿಯಂಥ ಚುಕ್ಕೆ ಕಾಣುತ್ತೆ. ಏನೂ ಇರಲಿಲ್ಲ. ಆದರೂ ಮನೆಯ ಉಳಿದ ಹಾವುಗಳಿಂದ ಮೂರು ತಿಂಗಳು ಬೇರೆ ಕೋಣೆಯಲ್ಲಿ ಇಡ್ತೀನಿ ಅಂದರು. ಎತ್ತುವಾಗ ಜೊತೆಗೆ ಇನ್ನೊಬ್ಬರು ಇದ್ದೇ ಇರಬೇಕು ಅನ್ನುವುದನ್ನು ನಾನು ಹೇಳುವ ಮೊದಲೇ ಹೇಳಿದರು. ಮನೆ ಮಾಲೀಕರ ಒಪ್ಪಿಗೆ ಪತ್ರವೂ ತಂದಿದ್ದರು.

ತಮಗೇನಾದರೂ ಆದರೆ ಹಾವು ಯಾರಿಗೆ ಅನ್ನುವುದನ್ನೂ ಯೋಚಿಸಿಟ್ಟಿದ್ದರು. ತಂಗಿಯ ಹೆಸರು, ಫೋನ್ ನಂಬರ್ ಬರೆದುಕೊಟ್ಟರು. ಒಂದು ವಾರ ಊಟ ಹಾಕಬೇಡಿ, ಸುಮ್ನೆ ಬಿಡಿ, ಜಾಗಕ್ಕೆ ಹೊಂದಿಕೊಳ್ಳಲಿ ಅಂತ ಹೇಳಿ ಅವತ್ತೇ ಕೊಟ್ಟೆ.